ಒಡಹುಟ್ಟಿದ್ದು

ಜನವರಿ 9

ತಂಗಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲು ಬರೆದು ಹೊಡೆದುಹಾಕಿದ್ದೇನೆ. ಸುಳ್ಳಿನಿಂದ ಶುರು ಮಾಡಿದರೆ ನೀನು ಎರಡನೆಯ ಸಾಲು ಓದುವವಳಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ ನಾವಿಬ್ಬರೂ ಮಾತಿಗೆ ಮಾತು ಬೆಳೆಸುತ್ತೇವೆಯೇ ಹೊರತು ವಿಷಯಕ್ಕೆ ಬರುವುದಿಲ್ಲ. ಅದಕ್ಕೇ ಈ ಕಾಗದ.

ನನ್ನ ಎರಡೂ ಕಿಡ್ನಿ ಕೈಕೊಟ್ಟು ನಾಲ್ಕು ವರ್ಷವಾಯಿತು. ಯಾರ ಬಾಯಿಂದಲಾದರೂ ನಿನ್ನ ಕಿವಿಗೆ ಬಿದ್ದಿರಬಹುದು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಎಡತೋಳಿಗೆ ಎರಡು ದಪ್ಪ ಸೂಜಿ ಚುಚ್ಚುತ್ತಾರೆ. ಒಂದರಿಂದ ರಕ್ತ ಹೊರಗೆ ಹೋಗಿ, ಯಂತ್ರದಲ್ಲಿ ತೊಳೆದುಕೊಂಡು, ಇನ್ನೊಂದರಿಂದ ಒಳಗೆ ಬರುತ್ತದೆ. ಅಷ್ಟು ಹೊತ್ತೂ ಎಡಗೈ ಅಲ್ಲಾಡಿಸುವ ಹಾಗಿಲ್ಲ. ಬಿಡುವಾಗಿರುವ ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಅಂಗಡಿಗಳ ಬೋರ್ಡು ಬರೆಯುವ ಕೆಲಸ ನಿಂತಿದೆ. ಏಣಿ ಹತ್ತಿದರೆ ತಲೆ ಸುತ್ತುತ್ತದೆ. ಈಗ ಮನೆಯಲ್ಲೇ ಕೂತು ಲಾರಿಗಳ ನಂಬರ್ ಪ್ಲೇಟು ಬರೆಯುತ್ತೇನೆ. ಅಕ್ಷರ ಹೋಗಿ ಅಂಕಿ ಬಂತು, ಅಷ್ಟೇ.

ಡಾಕ್ಟರು ಹೋದ ವಾರ ಕರೆದು, ಹೃದಯ ದಣಿಯುತ್ತಿದೆ, ಕಿಡ್ನಿ ಕಸಿ ಮಾಡಿಸುವುದಾದರೆ ಈಗಲೇ ಎಂದರು. ನಿನ್ನ ಅತ್ತಿಗೆ ಕೊಡುತ್ತೇನೆಂದು ನಿಂತಳು. ಅವಳಿಗೆ ಸಕ್ಕರೆ ಕಾಯಿಲೆ, ಆಗುವುದಿಲ್ಲವಂತೆ. "ಒಡಹುಟ್ಟಿದವರು ಯಾರಾದರೂ ಇದ್ದಾರಾ?" ಎಂದು ಕೇಳಿದರು. ಅವಳೇ, "ಒಬ್ಬಳು ತಂಗಿ ಇದಾಳೆ, ಆದರೆ ಮಾತಿಲ್ಲ" ಅಂದಳು.

ಅಮ್ಮ ಹೋದ ದಿನ ಎಲ್ಲರೆದುರು ನೀನು ಆಡಿದ ಮಾತು ನನಗೆ ನೆನಪಿದೆ. ನಾನು ಆಡಿದ್ದು ನಿನಗೆ ನೆನಪಿರುತ್ತದೆ. ಅದನ್ನು ಕೆದಕಲು ಬರೆದಿಲ್ಲ. ಬೇಡಲೂ ಬರೆದಿಲ್ಲ. ಡಾಕ್ಟರು ಕೇಳಿದರು, ನಾನು ತಿಳಿಸಿದ್ದೇನೆ.

ನಿನ್ನ ಅಣ್ಣ

*

ಫೆಬ್ರುವರಿ 2

ಅಣ್ಣನಿಗೆ,

ಬೇಡಲು ಬರೆದಿಲ್ಲ ಎಂದು ಬರೆದೇ ಬೇಡಿದ್ದೀಯ. ಅದೊಂದು ವಿದ್ಯೆ ನಿನಗೆ ಚಿಕ್ಕಂದಿನಿಂದ ಬರುತ್ತದೆ.

ಬರುತ್ತೇನೆ. ಮಾರ್ಚ್ ಮೊದಲ ವಾರ ಶಾಲೆಗೆ ರಜೆ, ವ್ಯಾನು ಓಡಿಸುವ ಕೆಲಸವಿಲ್ಲ. ಯಾವ ಪರೀಕ್ಷೆ ಬೇಕೋ ಮಾಡಿಕೊಳ್ಳಲಿ. ಹೊಂದಿದರೆ ಒಂದು ಕಿಡ್ನಿ ತೆಗೆದುಕೋ. ನನ್ನ ಯಜಮಾನರಿಗೆ ಸುತರಾಂ ಮನಸ್ಸಿಲ್ಲ. ಮೂರು ದಿನ ಮಾತು ಬಿಟ್ಟಿದ್ದರು. ನಾನು ನಾಲ್ಕನೆಯ ದಿನವೂ ಬಿಟ್ಟಾಗ ಅವರೇ ಸೋತರು. ಮಗಳು ಮಾತ್ರ, "ಮಾವ ಹೇಗಿದ್ದಾರೆ ಅಂತ ನನಗೆ ಮುಖಾನೇ ನೆನಪಿಲ್ಲ, ಹೋಗಿ ಬಾ ಅಮ್ಮ" ಎಂದಳು. ಕಾಲೇಜಿಗೆ ಹೋಗುತ್ತಿದ್ದಾಳೆ. ನನ್ನಷ್ಟೇ ಉದ್ದ, ನನಗಿಂತ ಬುದ್ಧಿ.

ಒಂದು ಮಾತು. ಇದು ಕ್ಷಮೆಯಲ್ಲ. ಅಮ್ಮನನ್ನು ನೀನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ. ಹೊಟ್ಟೆ ಊದಿ, ಕಣ್ಣು ಅರಿಶಿನವಾಗಿ ಮಲಗಿದ್ದವಳಿಗೆ ಸೊಪ್ಪಿನ ರಸ ಕುಡಿಸುತ್ತಾ ಕೂತಿದ್ದೆ. ಕಿಡ್ನಿ ಬೇರೆ, ಅದು ಬೇರೆ.

ಅತ್ತಿಗೆಗೆ ನನ್ನ ನಮಸ್ಕಾರ.

ತಂಗಿ

*

ಮಾರ್ಚ್ 20

ಬೆಂಕಿಪೊಟ್ಟಣಕ್ಕೆ,

ಅಮ್ಮ ಇಟ್ಟ ಹೆಸರಿನಿಂದ ಕರೆದರೆ ಸಿಟ್ಟಾಗುತ್ತೀಯೋ ಏನೋ. ನೀನು ಬಸ್ಸು ಹತ್ತುವಾಗ ಹಾಗೆ ಕರೆಯಬೇಕೆಂದು ಬಾಯಿಗೆ ಬಂದಿತ್ತು, ಅಷ್ಟರಲ್ಲಿ ಬಸ್ಸು ಹೊರಟಿತು.

ನೀನು ಇದ್ದ ಆ ನಾಲ್ಕು ದಿನ ಮನೆಯಲ್ಲಿ ಸದ್ದಿತ್ತು. ಇಡೀ ದಿನ ಬೀದಿಯವರು ಕಾರು ತಿರುಗಿಸುವುದನ್ನು ಕಿಟಕಿಯಿಂದ ನೋಡಿ ಬೈಯುತ್ತಿದ್ದೆಯಲ್ಲ, ಈಗ ನಿನ್ನ ಅತ್ತಿಗೆ ಅದನ್ನೇ ಮಾಡುತ್ತಿದ್ದಾಳೆ, ಗೇರು ಅಂದರೆ ಏನೆಂದು ಗೊತ್ತಿಲ್ಲದಿದ್ದರೂ. ಡಯಾಲಿಸಿಸ್ ಹಾಲಿನಲ್ಲಿ ನನ್ನ ಪಕ್ಕದ ಕುರ್ಚಿಯ ಮೇಷ್ಟ್ರು, "ನಿಮ್ಮ ತಂಗಿ ನಕ್ಕರೆ ಯಂತ್ರದ ಅಲಾರಂ ಕೇಳಿಸಲ್ಲ ಕಣ್ರೀ" ಎಂದು ಇವತ್ತಿಗೂ ಹೇಳುತ್ತಾರೆ. ಅವರು ರಿಟೈರಾಗಿ ಬಹಳ ವರ್ಷವಾದರೂ ಎಲ್ಲರ ತಪ್ಪು ತಿದ್ದುವುದನ್ನು ಬಿಟ್ಟಿಲ್ಲ. ನಾವಿಬ್ಬರೂ ಒಂದೇ ಪತ್ರಿಕೆಯನ್ನು ಹರಿದು ಹಂಚಿಕೊಂಡು ಓದುತ್ತೇವೆ.

ಈಗ ವಿಷಯ. ನಿನ್ನ ರಿಪೋರ್ಟುಗಳಿಗಿಂತ ಮೊದಲು ನನ್ನವು ಬಂದಿವೆ. ನನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆಯಂತೆ. ಲಿವರಿಗೆ ಹತ್ತುವ ವೈರಸ್ಸು. ನನಗೆ ನಂಬಿಕೆ ಬರಲಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಇದಕ್ಕೆಂದೇ ಆಗಾಗ ರಕ್ತ ಪರೀಕ್ಷೆ ಮಾಡುತ್ತಾರೆ, ಪ್ರತಿ ಸಲವೂ ಇಲ್ಲ ಎಂದೇ ಬಂದಿತ್ತು. ಡಾಕ್ಟರು ಬಿಡಿಸಿ ಹೇಳಿದರು. ಮಾಮೂಲಿ ಪರೀಕ್ಷೆ ಹುಡುಕುವುದು ವೈರಸ್ಸಿನ ಮೇಲಂಗಿಯನ್ನಂತೆ. ನನ್ನೊಳಗಿರುವುದು ಅಂಗಿ ಕಳಚಿಟ್ಟು ಲಿವರಿನ ಮೂಲೆಯಲ್ಲಿ ಕೂತುಬಿಟ್ಟಿದೆ. ಕಸಿಗೆ ಮುಂಚೆ ಇನ್ನೂ ಆಳವಾದ ಪರೀಕ್ಷೆಗೆ ಕಳಿಸಿದ್ದರಿಂದ ಸಿಕ್ಕಿಬಿತ್ತು. ಹೊಸ ಕಿಡ್ನಿಯನ್ನು ದೇಹ ಒಪ್ಪಿಕೊಳ್ಳಲೆಂದು ಕೊಡುವ ಔಷಧಿ ದೇಹದ ಕಾವಲುಗಾರನನ್ನೇ ಮಲಗಿಸುತ್ತದೆ. ಕಾವಲುಗಾರ ಮಲಗಿದನೆಂದರೆ ಇದು ಎದ್ದು ಕೂರುತ್ತದೆ, ಲಿವರನ್ನು ತಿಂದುಹಾಕುತ್ತದೆ. ಆದ್ದರಿಂದ ಮೊದಲು ಮಾತ್ರೆ, ಆಮೇಲೆ ಕಸಿ. ನಿಂತಿಲ್ಲ, ಮುಂದೆ ಹೋಗಿದೆ ಎಂದರು.

ನನಗೆ ಇದು ಎಲ್ಲಿಂದ ಬಂತು? ಸೂಜಿ ಚುಚ್ಚಿಸಿಕೊಳ್ಳುವುದು ಇಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ವಾಸಿಮಾಡಿಕೊಳ್ಳಲು ಹೋದ ಜಾಗದಲ್ಲೇ ನನಗೆ ಕಾಯಿಲೆ ಹತ್ತಿಸಿದ್ದಾರೆ. ಇದನ್ನು ಸುಮ್ಮನೆ ಬಿಡುವವನಲ್ಲ ನಾನು.

ಅಣ್ಣ

*

ಏಪ್ರಿಲ್ 6

ಅಣ್ಣ,

ಬಿಡಬೇಡ. ನಾನಾಗಿದ್ದರೆ ಆ ಹಾಲಿನ ಬಾಗಿಲಲ್ಲಿ ವ್ಯಾನು ಅಡ್ಡ ನಿಲ್ಲಿಸಿ ಕೇಳುತ್ತಿದ್ದೆ. ಒಬ್ಬರಿಗೆಂದು ಹಾಕಿಕೊಂಡ ಕೈಗವಸಿನಲ್ಲೇ ಇನ್ನೊಬ್ಬರನ್ನು ಮುಟ್ಟಿರುತ್ತಾರೆ. ಯಾರು ನೋಡಿದ್ದಾರೆ?

ಬೆಂಕಿಪೊಟ್ಟಣ ಎಂದು ಕರೆದರೆ ಸಿಟ್ಟಿಲ್ಲ. ಈಗ ಕಡ್ಡಿಗಳೆಲ್ಲ ನೆನೆದಿವೆ ಅನ್ನಿಸುತ್ತದೆ, ಗೀಚಿದರೂ ಹತ್ತುವುದಿಲ್ಲ. ಮಧ್ಯಾಹ್ನ ಶಾಲೆಯ ಮುಂದೆ ಮಕ್ಕಳಿಗಾಗಿ ಕಾಯುತ್ತಾ ಸೀಟಿನಲ್ಲೇ ನಿದ್ದೆ ಹೋಗಿಬಿಡುತ್ತೇನೆ. ವಯಸ್ಸು. ಹಿಂದಿನ ಸೀಟಿನ ಒಂದು ಪುಟಾಣಿ, "ಆಂಟಿ, ನೀವು ಗೊರಕೆ ಹೊಡೆದ್ರೆ ಇಂಜಿನ್ ಆನ್ ಆಗಿದೆ ಅನ್ಕೊಂಡೆ" ಅಂತ ಹೇಳಿದೆ. ಬೆಲ್ಟು ಹಾಕುವಾಗ ಹೊಟ್ಟೆ ಬಿಗಿಯುತ್ತದೆ, ದಪ್ಪ ಆಗಿದ್ದೇನೆ ಎಂದು ಯಜಮಾನರು ತಮಾಷೆ ಮಾಡುತ್ತಾರೆ.

ನಿನ್ನ ಆಸ್ಪತ್ರೆಯವರು ನನಗೂ ಫೋನ್ ಮಾಡಿದ್ದರು. ಇಲ್ಲೇ ನಮ್ಮೂರಲ್ಲಿ ಇನ್ನೊಂದು ಸ್ಕ್ಯಾನ್ ಮಾಡಿಸಿ ಎಂದರು. ಎಂಥದ್ದೋ. ಮಾಡಿಸುತ್ತೇನೆ. ನೀನು ನಿನ್ನ ಮಾತ್ರೆ ತಪ್ಪಿಸಬೇಡ.

ತಂಗಿ

*

ಏಪ್ರಿಲ್ 28

ತಂಗಿಗೆ,

ನನ್ನನ್ನು ಹಾಲಿನಿಂದ ಹೊರಗೆ ಹಾಕಿದರು. ಹೊರಗೆಂದರೆ ಬೀದಿಗಲ್ಲ, ಮೂಲೆಯ ಕೋಣೆಗೆ. ಮುಂಚೆ ಅಲ್ಲಿ ಮುರಿದ ಕುರ್ಚಿ, ಖಾಲಿ ಕ್ಯಾನು ತುಂಬಿದ್ದರು. ಈಗ ಒಂದು ಯಂತ್ರ, ಒಂದು ಕುರ್ಚಿ, ನಾನು. ಯಂತ್ರದ ಮೇಲೆ ಕೆಂಪು ಪಟ್ಟಿ ಅಂಟಿಸಿದ್ದಾರೆ. ಅಕ್ಷರ ವಕ್ರವಾಗಿದೆ. ನನ್ನನ್ನೇ ಕೇಳಿದ್ದರೆ ಚೆನ್ನಾಗಿ ಬರೆದುಕೊಡುತ್ತಿದ್ದೆ.

ಇತರರಿಗೆ ಹತ್ತದಿರಲಿ ಎಂದು ಹೀಗೆ, ನಿಮ್ಮ ತಪ್ಪಲ್ಲ ಎಂದು ಡಾಕ್ಟರು ಹೇಳಿದರು. ತಪ್ಪಲ್ಲದಿದ್ದರೂ ಶಿಕ್ಷೆ ಅದೇ ಆಗಿರುತ್ತದೆ. ಬರುವಾಗ ಹಾಲು ದಾಟಿಯೇ ಬರಬೇಕು. ಮೇಷ್ಟ್ರಿಗೆ ಪತ್ರಿಕೆಯ ಅರ್ಧ ಕೊಡಲು ಹೋದೆ. ಅವರು ಕೈ ಚಾಚಲಿಲ್ಲ. "ಓದಿ ಆಯ್ತು, ಓದಿ ಆಯ್ತು" ಎಂದು ಗೋಡೆಯ ಕಡೆ ತಿರುಗಿದರು. ಅವತ್ತಿನ ಪತ್ರಿಕೆಯ ಮಡಿಕೆಯನ್ನು ನಾನಿನ್ನೂ ಬಿಚ್ಚಿರಲಿಲ್ಲ. ಅವರ ಮೇಲೆ ಸಿಟ್ಟು ಮಾಡುವಂತಿಲ್ಲ. ಇಷ್ಟು ವರ್ಷ ನನ್ನ ಪಕ್ಕದಲ್ಲೇ ರಕ್ತ ತೊಳೆಸಿಕೊಂಡವರು, ಹೆದರಿಕೆ ಇರುವುದಿಲ್ಲವೇ? ಅಲ್ಲಿರುವ ಎಲ್ಲರ ರಕ್ತವನ್ನೂ ಈಗ ಆ ಆಳವಾದ ಪರೀಕ್ಷೆಗೆ ಕಳಿಸಿದ್ದಾರೆ. ಎಲ್ಲರೂ ಫಲಿತಾಂಶಕ್ಕೆ ಕಾಯುತ್ತಾ ನನ್ನನ್ನು ನೋಡುತ್ತಾರೆ.

ನಾನು ಸುಮ್ಮನಿರಲಿಲ್ಲ. ನನಗೆ ಮೊದಲಿನಿಂದ ಸೂಜಿ ಹಾಕುತ್ತಿದ್ದ ನರ್ಸಮ್ಮ ಒಬ್ಬರಿದ್ದಾರೆ. ಕುಗ್ಗಿದ ನರವನ್ನೂ ಬೆರಳಲ್ಲೇ ಹುಡುಕಿ, ನೋವಾಗದಂತೆ ಚುಚ್ಚುವವರು. ಅವರನ್ನೇ ಎಲ್ಲರೆದುರು ನಿಲ್ಲಿಸಿ, "ನೀವೇ ಹತ್ತಿಸಿದ್ದು. ಕೈ ತೊಳೀದೆ ಎಷ್ಟು ಜನಕ್ಕೆ ಹೀಗೆ ಮಾಡಿದೀರ?" ಎಂದೆ. ಅವರು ನನ್ನ ತೋಳಿಗೆ ಪಟ್ಟಿ ಸುತ್ತಿ ಮುಗಿಸಿದರು, ನಿಧಾನವಾಗಿ, ಎಂದಿನ ಹಾಗೆ. ಅವತ್ತೇ ಬೇರೆ ವಿಭಾಗಕ್ಕೆ ವರ್ಗ ಕೇಳಿಕೊಂಡು ಹೋದರಂತೆ.

ನಿನ್ನ ಸ್ಕ್ಯಾನ್ ಏನಾಯಿತು? ಡಾಕ್ಟರನ್ನು ಕೇಳಿದರೆ, "ಅದು ಅವರ ವಿಷಯ, ಅವರನ್ನೇ ಕೇಳಿ" ಎಂದರು. ಮುಖ ನೋಡಿ ಮಾತಾಡಲಿಲ್ಲ.

ಅಣ್ಣ

*

ಮೇ 25

ತಂಗಿಗೆ,

ಕಾಗದವಿಲ್ಲ, ಫೋನಿಲ್ಲ. ನಿನ್ನ ಅತ್ತಿಗೆ ಫೋನ್ ಮಾಡಿದರೆ ನಿನ್ನ ಯಜಮಾನರು ಎತ್ತಿ, "ಮಲಗಿದಾಳೆ" ಎಂದು ಇಟ್ಟುಬಿಟ್ಟರಂತೆ. ವ್ಯಾನಿನಲ್ಲಿ ತೂಕಡಿಸುವವಳೇ ಹೊರತು ಮಟಮಟ ಮಧ್ಯಾಹ್ನ ಮನೆಯಲ್ಲಿ ಮಲಗುವವಳಲ್ಲ ನೀನು.

ನನಗೆ ಅರ್ಥವಾಗುತ್ತದೆ. ವೈರಸ್ಸು ಹೊತ್ತವನ ಮೈಗೆ ತನ್ನ ಕಿಡ್ನಿ ಯಾಕೆ ಹಾಳುಮಾಡಿಕೊಳ್ಳಬೇಕು ಎಂದು ಮನೆಯಲ್ಲಿ ಮಾತಾಗಿರಬೇಕು. ಡಾಕ್ಟರಿಗೆ ಹೇಳಿಯೂ ಇರುತ್ತೀಯ. ಅದಕ್ಕೇ ಅವರು ಕಣ್ಣು ತಪ್ಪಿಸುತ್ತಾರೆ. ಕೊಡಲು ಇಷ್ಟವಿಲ್ಲದಿದ್ದರೆ ಇಲ್ಲ ಎಂದು ಒಂದು ಸಾಲು ಬರಿ. ನಾನೇನೂ ನಿನ್ನ ಮನೆ ಬಾಗಿಲಿಗೆ ಬಂದು ಕೂರುವುದಿಲ್ಲ. ಕೈ ಎತ್ತುವುದಾದರೆ ಎದುರಿಗೆ ಎತ್ತು. ಅಮ್ಮನ ವಿಷಯದಲ್ಲಾದರೋ ಊರೆಲ್ಲ ಕೇಳುವ ಹಾಗೆ ಮಾತಾಡಿದ್ದೆ. ಈಗ ಬಾಯಿಗೆ ಬೀಗ ಬಿತ್ತೇ?

ಅಣ್ಣ

*

ಜೂನ್ 14

ಅಣ್ಣ,

ನಿನ್ನ ಮೇ ತಿಂಗಳ ಕಾಗದವನ್ನು ಯಜಮಾನರು ನನಗೆ ಕೊಟ್ಟಿರಲಿಲ್ಲ. ಅಲಮಾರಿಯ ಮೇಲೆ ಸಿಕ್ಕಿತು. ಅವರು ಓದಿದ್ದಾರೆ. ಮಗಳೂ ಓದಿದ್ದಾಳೆ.

ನನಗೂ ಅದೇ ಇದೆ. ನಿನ್ನದು ಅವಿತುಕೊಂಡಿದೆ, ನನ್ನದು ಅವಿತಿಲ್ಲ. ಮಾರ್ಚ್‌ನಲ್ಲಿ ಅಲ್ಲಿಗೆ ಬರುವ ಮುಂಚೆ ನಾನೇ ಒಂದು ಸಲವೂ ಇದಕ್ಕೆ ರಕ್ತ ಪರೀಕ್ಷೆ ಮಾಡಿಸಿರಲಿಲ್ಲ ಅಷ್ಟೇ. ಮಗಳನ್ನು ಹೆತ್ತಾಗ ಮಾಡಿದ್ದರೋ ಏನೋ, ಯಾರೂ ಹೇಳಲಿಲ್ಲ. ಸ್ಕ್ಯಾನಿನಲ್ಲಿ ಲಿವರಿನ ಮೇಲೆ ಗಡ್ಡೆಗಳು ಕಂಡವು. ಒಂದಲ್ಲ. ಬೆಲ್ಟಿಗೆ ಬಿಗಿಯುತ್ತಿದ್ದದ್ದು ಬೊಜ್ಜಲ್ಲ, ನೀರು. ಕ್ಯಾನ್ಸರ್ ಎಂಬ ಮಾತನ್ನು ಇಲ್ಲಿನ ಡಾಕ್ಟರು ಬಹಳ ಸುತ್ತಿ ಬಳಸಿ ಹೇಳಿದರು. ನಾನೇ, "ನೇರ ಹೇಳಿ ಸಾರ್, ನನಗೆ ಮಕ್ಕಳನ್ನ ಕರ್ಕೊಂಡು ಬರೋ ಹೊತ್ತಾಯ್ತು" ಎಂದೆ. ಅವರು, ಇನ್ನು ವ್ಯಾನು ಓಡಿಸಬೇಡಿ ಎಂದರು. ಕತ್ತರಿಸಿ ತೆಗೆಯುವ ಹಂತ ದಾಟಿದೆಯಂತೆ.

"ಮನೆಯಲ್ಲಿ ಯಾರಿಗಾದರೂ ಲಿವರ್ ಕಾಯಿಲೆ ಇತ್ತಾ? ನಿಮ್ಮ ತಾಯಿ ಹೇಗೆ ತೀರಿಕೊಂಡರು?" ಎಂದು ಕೇಳಿದರು. ನಾನು ಬಾಯಿ ತೆರೆದೆ, ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ಎಂದು ಹೇಳುತ್ತಾ ಹೇಳುತ್ತಾ ಅಲ್ಲೇ ನಿಂತೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತದಂತೆ, ಅಣ್ಣ. ನಿನಗೆ ಮೊದಲು, ನನಗೆ ಆಮೇಲೆ. ಅಮ್ಮನಿಗೆ ಅವಳಮ್ಮನಿಂದ ಬಂದಿತ್ತೋ ಏನೋ. ನೀನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೂ ಆ ಹಂತದಲ್ಲಿ ಬಹಳವೇನೂ ಮಾಡಲಾಗುತ್ತಿರಲಿಲ್ಲ ಎಂದರು. ನಾನು ಇನ್ನೊಂದು ಸಲ ಕೇಳಿದೆ. ಇನ್ನೊಂದು ಸಲವೂ ಅದನ್ನೇ ಹೇಳಿದರು.

ಇಷ್ಟು ವರ್ಷ ಅದನ್ನು ಹಿಡಿದುಕೊಂಡೇ ನಾನು ಬದುಕಿದ್ದು. ಈಗ ಅದನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ಮಗಳಿಗೆ ಇಲ್ಲ. ಮೂರು ಸಲ ನೋಡಿಸಿದೆ. ಹುಟ್ಟಿದಾಗಲೇ ಆಸ್ಪತ್ರೆಯವರು ಚುಚ್ಚುಮದ್ದು ಹಾಕಿದ್ದು ಉಳಿಸಿದೆ. ನರ್ಸು ಬಂದು ತೊಡೆಗೆ ಚುಚ್ಚಿದಾಗ ಮಗು ಅತ್ತಿತೆಂದು ನಾನು ಅವಳ ಮೇಲೆ ಕೂಗಾಡಿದ್ದೆ.

ನಿನಗೆ ಕಿಡ್ನಿ ಕೊಡಲಾಗುವುದಿಲ್ಲ.

ತಂಗಿ

*

ಜೂನ್ 22

ಪುಟ್ಟಾ,

ಈ ಕಾಗದವನ್ನು ಎಷ್ಟು ಸಲ ಶುರು ಮಾಡಿದೆನೋ. ಆ ಮೇ ತಿಂಗಳ ಕಾಗದವನ್ನು ಸುಟ್ಟುಬಿಡು. ಬೇಡ, ನಿನ್ನ ಯಜಮಾನರ ಕೈಗೆ ಕೊಡು, ನನ್ನ ಮುಖಕ್ಕೆ ಎಸೆಯಲು ಅವರ ಹತ್ತಿರ ಏನಾದರೂ ಇರಲಿ.

ಹಾಲಿನಲ್ಲಿದ್ದವರ ಫಲಿತಾಂಶ ಬಂತು. ಒಬ್ಬರಿಗೂ ಇಲ್ಲ. ಮೇಷ್ಟ್ರಿಗೂ ಇಲ್ಲ. ನನಗೆ ಇಲ್ಲಿ ಹತ್ತಿದ್ದಲ್ಲ ಎಂದಾಯಿತು. ನರ್ಸಮ್ಮನನ್ನು ಹುಡುಕಿಕೊಂಡು ಆ ವಿಭಾಗಕ್ಕೆ ಹೋದೆ. ಕೆಲಸ ಬಿಟ್ಟು ಊರಿಗೆ ಹೋಗಿದ್ದಾರೆ. ಯಾವ ಊರೆಂದು ಕೇಳಿದರೆ ಅಲ್ಲಿದ್ದವರು ನನ್ನನ್ನು ಗುರುತಿಸಿ ಹೇಳಲಿಲ್ಲ.

ನಾನು ಅಲ್ಲಿಗೆ ಬರುತ್ತೇನೆ. ನಿನ್ನ ಹತ್ತಿರ ಒಂದು ತಿಂಗಳಾದರೂ ಇರುತ್ತೇನೆ. ನಿಮ್ಮ ಊರಿನಲ್ಲೂ ಡಯಾಲಿಸಿಸ್ ಇದೆಯಲ್ಲ, ಬರೆದು ಕೇಳಿದ್ದೇನೆ.

ಅಣ್ಣ

*

ಜುಲೈ 18

ಪುಟ್ಟಾ,

ನಿಮ್ಮೂರಿನವರು ಒಲ್ಲೆ ಎಂದರು. ಹೆಪಟೈಟಿಸ್ ಬಿ ಇರುವವರಿಗೆ ಬೇರೆ ಯಂತ್ರ ಬೇಕು, ನಮ್ಮಲ್ಲಿ ಇಲ್ಲ ಎಂದು. ಅಲ್ಲಿಂದ ಮುಂದಿನ ಊರಿನವರು, ಇರುವ ಒಂದು ಯಂತ್ರಕ್ಕೆ ಆಗಲೇ ಜನ ತುಂಬಿದ್ದಾರೆ ಎಂದರು. ಇನ್ನೊಂದು ಕಡೆಯವರು ಮೊದಲು ಬನ್ನಿ ಎಂದು, ಆಮೇಲೆ ನನ್ನ ರಿಪೋರ್ಟು ನೋಡಿ ಸುಮ್ಮನಾದರು. ನಾನೂ ಬಿಡಲಿಲ್ಲ, ಫೋನಿನಲ್ಲಿ ಅತ್ತೂ ನೋಡಿದೆ. ಆ ಕಡೆಯ ಹುಡುಗಿಯೂ ಅತ್ತಳು. ಅದರಿಂದ ಯಂತ್ರ ಹುಟ್ಟಲಿಲ್ಲ.

ನಾನು ಹಗ್ಗಕ್ಕೆ ಕಟ್ಟಿದ ಕರು. ಹಗ್ಗದ ಉದ್ದ ಎರಡು ದಿನ. ನಿಮ್ಮೂರಿಗೆ ಬಂದು ಹೋಗಲು ದಾರಿಯೇ ಎರಡು ದಿನ ತಿನ್ನುತ್ತದೆ. ಬಂದರೆ ಬಾಗಿಲಲ್ಲಿ ನಿನ್ನ ಮುಖ ನೋಡಿ ಹಾಗೇ ತಿರುಗಬೇಕು.

ಆದರೂ ಬರಲೇ?

ಅಣ್ಣ

*

ಆಗಸ್ಟ್ 11

ಅಣ್ಣ,

ಅಕ್ಷರ ಬೇರೆ ಇದೆಯೆಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಮಗಳು ಬರೆಯುತ್ತಿದ್ದಾಳೆ. ಎದ್ದು ಕೂತು ಬರೆಯುವ ತ್ರಾಣ ನನಗಿಲ್ಲ.

ಬರಬೇಡ. ನಾನು ಈಗ ಥೇಟ್ ಅಮ್ಮನ ಹಾಗೆ ಕಾಣುತ್ತೇನೆ. ಕನ್ನಡಿ ನೋಡಿ ನನಗೇ ಒಂದು ಗಳಿಗೆ, ಅಮ್ಮ ಯಾವಾಗ ಬಂದಳು ಅನ್ನಿಸಿತು. ನೀನು ಒಂದು ಸಲ ನೋಡಿದ್ದೀಯ. ಅದನ್ನೇ ಎರಡು ಸಲ ಯಾಕೆ ನೋಡಬೇಕು?

ವ್ಯಾನನ್ನು ಬೇರೆ ಡ್ರೈವರಿಗೆ ಕೊಟ್ಟರು. ನಮ್ಮ ಬೀದಿಯಲ್ಲೇ ಹೋಗುತ್ತದೆ. ಮೂರನೇ ಗೇರಿಗೆ ಹಾಕುವಾಗ ಕ್ಲಚ್ಚು ಪೂರ್ತಿ ಒತ್ತುವುದಿಲ್ಲ ಆ ಮನುಷ್ಯ, ಹಾಸಿಗೆಯಲ್ಲಿ ಮಲಗಿದ್ದರೂ ನನ್ನ ಹಲ್ಲು ಜುಮ್ಮೆನ್ನುತ್ತದೆ. ಮಕ್ಕಳು ಕಿಟಕಿಯಿಂದ ಕೈ ಬೀಸುತ್ತವಂತೆ. ನಾನು ಏಳುವ ಹೊತ್ತಿಗೆ ದಾಟಿರುತ್ತದೆ.

ನಿನ್ನ ಮಾತ್ರೆ ಕೆಲಸ ಮಾಡುತ್ತಿದೆಯಾ? ಹಿಂದಿನ ಕಾಗದದಲ್ಲಿ ನೀನು ಅದರ ಬಗ್ಗೆ ಒಂದಕ್ಷರ ಬರೆದಿಲ್ಲ. ಬರೆಯದಿದ್ದರೆ ಕೆಲಸ ಮಾಡುತ್ತಿದೆ ಎಂದೇ ಅರ್ಥ. ನಿನ್ನನ್ನು ನಾನು ಬಲ್ಲೆ.

ತಂಗಿ

*

ಸೆಪ್ಟೆಂಬರ್ 16

ಪುಟ್ಟಾ,

ಬರಬೇಡ ಎಂದರೂ ಹೊರಟೆ. ಡಯಾಲಿಸಿಸ್ ಮುಗಿಸಿದವನು ಅಲ್ಲಿಂದಲೇ ನಿಲ್ದಾಣಕ್ಕೆ ಹೋದೆ. ಒಂದು ಸರದಿ ತಪ್ಪಿಸಿ, ಮುಂದಿನದಕ್ಕೆ ವಾಪಸು ಬಂದರಾಯಿತು ಎಂದು ಲೆಕ್ಕ. ನಿನ್ನ ಅತ್ತಿಗೆ ಜೊತೆಗೆ ಬಂದಳು. ಬುತ್ತಿ ಕಟ್ಟಿದ್ದಳು. ನೀರು ಕುಡಿಯಬಾರದೆಂದು ಬಾಟಲಿ ತನ್ನ ಹತ್ತಿರವೇ ಇಟ್ಟುಕೊಂಡಿದ್ದಳು. ಸೆಕೆ. ಅವಳು ಕಣ್ಣು ಮುಚ್ಚಿದಾಗಲೆಲ್ಲ ನಾನು ಕದ್ದು ಕುಡಿದೆ.

ಅರ್ಧ ದಾರಿ ದಾಟಿ, ಯಾವುದೋ ಹೆಸರು ಗೊತ್ತಿಲ್ಲದ ಊರಿನಲ್ಲಿ ಬಸ್ಸು ಕೆಟ್ಟು ನಿಂತಿತು. ಬೇರೆ ಬಸ್ಸಿಗೆ ಕಾಯುತ್ತಾ ಹಗಲೆಲ್ಲ ಹೋಯಿತು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಉಸಿರು ಸಿಕ್ಕಲಿಲ್ಲ. ಎದೆಯೊಳಗೆ ನೀರು ತುಂಬಿ ಗೊಳಗೊಳ ಸದ್ದು. ಕಂಡಕ್ಟರು ನನ್ನನ್ನು ಇಳಿಸಿ, ಯಾರದೋ ಕಾರು ಹಿಡಿದು ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಕೂಡ ಯಂತ್ರ ಕೊಡಲು ಹಿಂದೆಮುಂದೆ ನೋಡಿದರು. ನಿನ್ನ ಅತ್ತಿಗೆ, ಜನ್ಮದಲ್ಲಿ ಯಾರಿಗೂ ಜೋರು ಮಾತಾಡದವಳು, ನೆಲದ ಮೇಲೆ ಕೂತು, "ಇವರು ಸತ್ತರೆ ಇಲ್ಲೇ ಸಾಯಲಿ, ನಾನು ಎತ್ತೋದಿಲ್ಲ" ಎಂದಳಂತೆ. ಆಮೇಲೆ ಕೊಟ್ಟರು.

ನನ್ನನ್ನು ವಾಪಸು ತಂದಿದ್ದಾರೆ. ನಿಮ್ಮೂರಿಗೆ ಇನ್ನು ಸ್ವಲ್ಪವೇ ದೂರ ಇತ್ತಂತೆ.

ನಿನಗೆ ಹೇಳಬೇಕೆಂದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ ಎಂದು ಹಾಳೆ ತೆಗೆದುಕೊಂಡೆ. ಎದುರಿಗಿದ್ದಿದ್ದರೆ ಏನೂ ಹೇಳುತ್ತಿರಲಿಲ್ಲ. ನಿನ್ನ ಕಾಲು ಒತ್ತುತ್ತಾ ಕೂರುತ್ತಿದ್ದೆ. ಅದನ್ನು ಬರೆಯುವುದು ಹೇಗೆ?

ಅಣ್ಣ

*

ಅಕ್ಟೋಬರ್ 12

ಭಾವನವರಿಗೆ,

ನಿಮ್ಮ ತಂಗಿ ನಿನ್ನೆ ಬೆಳಿಗ್ಗೆ ತೀರಿಕೊಂಡಳು. ಕಡೆಯ ವಾರ ಎಚ್ಚರವಿರಲಿಲ್ಲ. ನಿಮ್ಮ ಸೆಪ್ಟೆಂಬರಿನ ಕಾಗದವನ್ನು ಓದಿ ಹೇಳಿದ್ದೆವು, ಕೇಳಿಸಿಕೊಂಡಳು.

ನಾನು ಓದಿದವನಲ್ಲ, ಮನೆಗಳಿಗೆ ಕರೆಂಟಿನ ವೈರು ಎಳೆಯುವವನು. ಮುಚ್ಚಿ ಮಾತಾಡಲು ಬರುವುದಿಲ್ಲ. ಜನವರಿಯಲ್ಲಿ ನಿಮ್ಮ ಕಾಗದ ಬರುವವರೆಗೆ ನನ್ನ ಹೆಂಡತಿ ನಗುತ್ತಿದ್ದಳು, ವ್ಯಾನು ಓಡಿಸುತ್ತಿದ್ದಳು. ಕಾಯಿಲೆ ಆಗಲೂ ಇತ್ತು, ನನಗೆ ಗೊತ್ತು, ಡಾಕ್ಟರು ಹೇಳಿದ್ದಾರೆ. ಆದರೆ ನೀವು ಕೇಳದಿದ್ದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಇನ್ನು ನಾಲ್ಕು ತಿಂಗಳಾದರೂ ತಿಳಿಯದೆ ಇರುತ್ತಿದ್ದಳು. ಆ ನಾಲ್ಕು ತಿಂಗಳನ್ನು ನೀವು ತೆಗೆದುಕೊಂಡಿರಿ.

ನೀವು ಕೆಟ್ಟವರೆಂದು ಹೇಳುತ್ತಿಲ್ಲ. ಆದರೆ ನಿಮ್ಮ ಅಕ್ಷರದ ಲಕೋಟೆ ಈ ಮನೆಗೆ ಬರುವುದು ನನಗೆ ಬೇಡ. ದಯವಿಟ್ಟು ಬರೆಯಬೇಡಿ.

ಇಂತಿ,
ನಿಮ್ಮ ತಂಗಿಯ ಗಂಡ

*

ನವೆಂಬರ್ 19

ಮಾವ,

ನಾನು ಬರೆಯುತ್ತಿರುವುದು ಅಪ್ಪನಿಗೆ ಗೊತ್ತಿಲ್ಲ. ಉತ್ತರವನ್ನು ಲಕೋಟೆಯ ಹಿಂದೆ ಬರೆದಿರುವ ಗೆಳತಿಯ ವಿಳಾಸಕ್ಕೆ ಬರೆಯಿರಿ.

ಅಪ್ಪ ಬರೆದದ್ದು ನನಗೆ ಗೊತ್ತು. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಅವರು ಈಗ ಸಂಜೆ ಮನೆಗೆ ಬಂದರೂ ಲೈಟು ಹಾಕುವುದಿಲ್ಲ. ನಾನು ಬಂದು ಹಾಕಬೇಕು.

ಒಂದು ವಿಷಯ ಯಾರಿಗೂ ಹೇಳಿಲ್ಲ. ಎಚ್ಚರವಿದ್ದ ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಅಮ್ಮ ನನ್ನನ್ನು ಹತ್ತಿರ ಕರೆದರು. ನಿಮಗೆ ನನ್ನ ಕಿಡ್ನಿ ಕೊಡು ಎಂದು ಕೇಳುತ್ತಾರೇನೋ ಎಂದುಕೊಂಡೆ. ಕೇಳಿದ್ದರೆ ಹೂಂ ಎನ್ನುತ್ತಿದ್ದೆ. ಆದರೆ ಅಮ್ಮ ಹೇಳಿದ್ದು ಬೇರೆ. "ಮಾವನಿಗೆ ನಿನ್ನದು ಕೊಡಬೇಡ. ಅವನು ಕೇಳೋದಿಲ್ಲ. ಕೇಳದೇ ಇದ್ದರೂ ನೀನಾಗಿ ಹೋಗಿ ಕೊಡಬೇಡ. ನನ್ನ ಮೇಲೆ ಆಣೆ ಮಾಡು" ಅಂದರು. ನಾನು ಆಣೆ ಮಾಡಿದೆ. ಆಮೇಲೆ ಅಮ್ಮ ಬಹಳ ಹೊತ್ತು ಅತ್ತರು. ನಿಮ್ಮನ್ನು ನೆನೆದು ಅಣ್ಣಾ, ಅಣ್ಣಾ ಎಂದು ಅತ್ತರು.

ಇದನ್ನು ನಿಮಗೆ ಹೇಳಬೇಕೋ ಬೇಡವೋ ಗೊತ್ತಾಗಲಿಲ್ಲ. ಹೇಳದಿದ್ದರೆ ನಾನು ಒಳಗೊಳಗೇ ನಿಮಗೆ ಮೋಸ ಮಾಡಿದ ಹಾಗೆ ಅನ್ನಿಸುತ್ತಿತ್ತು.

ನೀವು ಡಯಾಲಿಸಿಸ್‌ಗೆ ಹೋಗುತ್ತಿದ್ದೀರಾ? ಅತ್ತೆ ಫೋನಿನಲ್ಲಿ ಯಾಕೋ ಸರಿಯಾಗಿ ಹೇಳಲಿಲ್ಲ.

ನಿಮ್ಮ ಸೊಸೆ

*

ನವೆಂಬರ್ 30

ಮಗಳೇ,

ನಿನ್ನ ಅಮ್ಮ ಸರಿಯಾಗಿಯೇ ಹೇಳಿದ್ದಾಳೆ. ಆ ಆಣೆಯನ್ನು ನೀನು ನಡೆಸಬೇಕು. ನಾನು ಕೇಳುವುದಿಲ್ಲ ಎಂದು ಅವಳು ನನ್ನ ಬಗ್ಗೆ ಹೇಳಿದಳಲ್ಲ, ಅದು ಪೂರ್ತಿ ನಿಜವಲ್ಲ. ಅವಳು ಹೋದ ಮೇಲೆ ಒಂದು ದಿನ ಕನ್ನಡಿಯ ಮುಂದೆ ಗಡ್ಡ ಕೆರೆಯುತ್ತಿದ್ದಾಗ ನೀನು ನೆನಪಿಗೆ ಬಂದೆ. ನಿನ್ನ ವಯಸ್ಸು, ನಿನ್ನ ಆರೋಗ್ಯ, ನಿನಗೆ ಚುಚ್ಚುಮದ್ದು ಆಗಿರುವುದು, ಎಲ್ಲ ಒಟ್ಟಿಗೆ. ಗಡ್ಡ ಅರ್ಧಕ್ಕೇ ಬಿಟ್ಟು ಬಚ್ಚಲಿಂದ ಹೊರಗೆ ಬಂದೆ. ಅವಳು ನನ್ನನ್ನು ನನಗಿಂತ ಮೊದಲೇ ಕಂಡಿದ್ದಳು. ಹಾಗಾಗಿ ನಾನೇ ಮುಂದೊಂದು ದಿನ ಮೆತ್ತಗೆ ಬರೆದರೂ, ಬೇಡಲು ಬರೆದಿಲ್ಲ ಎಂದು ಬರೆದರೂ, ನೀನು ಆ ಕಾಗದಕ್ಕೆ ಉತ್ತರ ಕೊಡಬಾರದು.

ನಿನ್ನ ಅಪ್ಪ ಬರೆದದ್ದರಲ್ಲಿ ತಪ್ಪಿಲ್ಲ. ಅವರಿಗೆ ಸಂಜೆ ಲೈಟು ಹಾಕಿಕೊಡು.

ಇನ್ನು ನೀನು ಕೇಳಿದ್ದು. ಸುದ್ದಿ ಬಂದ ದಿನ ನಾನು ಡಯಾಲಿಸಿಸ್‌ಗೆ ಹೋಗಲಿಲ್ಲ. ಅದರ ಮುಂದಿನ ಸರದಿಗೂ ಹೋಗಲಿಲ್ಲ. ಸಾಕು ಅನ್ನಿಸಿತ್ತು. ಕಾಲು ಊದಿತು, ಮಲಗಿದರೆ ಉಸಿರು ಕಟ್ಟುತ್ತಿತ್ತು, ಕೂತೇ ಇದ್ದೆ. ನಿನ್ನ ಅತ್ತೆ ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. ನನ್ನ ಚಪ್ಪಲಿಗಳನ್ನು ತಂದು ಮುಂದಿಟ್ಟು ತಾನೂ ಪಕ್ಕದಲ್ಲಿ ಕೂತಳು. ಊಟ ಮಾಡಲಿಲ್ಲ, ಎದ್ದು ಹೋಗಲಿಲ್ಲ. ನಾನು ಚಪ್ಪಲಿ ಮೆಟ್ಟಿದೆ.

ಅಂದಿನಿಂದ ತಪ್ಪಿಸಿಲ್ಲ. ನಿನ್ನಮ್ಮ ಒಮ್ಮೆ ಕೇಳಿದ್ದಳು, ನಾನು ಉತ್ತರ ಕೊಟ್ಟಿರಲಿಲ್ಲ, ನಿನಗೆ ಹೇಳುತ್ತೇನೆ: ಮಾತ್ರೆ ಕೆಲಸ ಮಾಡಿದೆ. ಈಗ ಆ ಆಳವಾದ ಪರೀಕ್ಷೆಯಲ್ಲೂ ನನ್ನ ರಕ್ತದಲ್ಲಿ ಅದು ಕಾಣುತ್ತಿಲ್ಲವಂತೆ. ಪೂರ್ತಿ ಹೋಗಿಲ್ಲ, ಲಿವರಿನಲ್ಲಿ ಇದ್ದೇ ಇರುತ್ತದೆ, ಆದರೆ ಏಳುವುದಿಲ್ಲ. ತೀರಿಕೊಂಡವರ ಕಿಡ್ನಿಗಾಗಿ ಕಾಯುವವರ ಸಾಲಿನಲ್ಲಿ ನನ್ನ ಹೆಸರು ಸೇರಿಸಿದ್ದಾರೆ. ಡಾಕ್ಟರು ಕೈಕುಲುಕಿ, "ಅದೃಷ್ಟವಂತರು ನೀವು" ಎಂದರು. ಅದೇ ಮಾತ್ರೆ ಅವಳಿಗೆ ಹತ್ತು ವರ್ಷದ ಹಿಂದೆ ಸಿಕ್ಕಿದ್ದರೆ ಎಂದು ಕೇಳಿದೆ. ಅವರು ನನ್ನ ಕೈ ಬಿಟ್ಟರು.

ಈಗ ಡಯಾಲಿಸಿಸ್‌ನ ಈ ಮೂಲೆಯ ಕೋಣೆಯಲ್ಲಿ ಒಬ್ಬನೇ ಇರುತ್ತೇನೆ. ಗೋಡೆಯಾಚೆ ಹಾಲಿನಲ್ಲಿ ಮಾತು, ನಗು ಕೇಳಿಸುತ್ತದೆ. ಇವತ್ತು ಸೂಜಿ ಹಾಕಲು ಹೊಸ ನರ್ಸು ಬಂದಿದ್ದರು. ಇನ್ನೂ ಕೈ ಕೂತಿಲ್ಲ, ಮೂರು ಸಲ ತಪ್ಪಿದರು. ಪ್ರತಿ ಸಲವೂ ಕ್ಷಮಿಸಿ ಎಂದರು. ನಾಲ್ಕನೆಯ ಸಲಕ್ಕೆ ಭಯದಿಂದ, "ಇವತ್ತು ಬೇಡ ಅಂದ್ರೆ ಬಿಡ್ತೀನಿ ಸಾರ್, ಬೇರೆಯವರನ್ನ ಕರೀತೀನಿ" ಎಂದರು.

"ಬೇಡ, ನೀವೇ ಹಾಕಿ" ಎಂದು ತೋಳು ಚಾಚಿದೆ.

ನಿನ್ನ ಮಾವ